ನಗರ ಕೋಟೆಯ ಮುತ್ತಿಗೆ ಲಂಡನ್ನಿನ ಗೋಡೆ ಏಕೆ ಏರಲಿಲ್ಲ?

ಹೊಸನಗರ ತಾಲ್ಲೂಕಿನ ನಗರ ಕೋಟೆ 1783ರಲ್ಲಿ ಎರಡು ಬಾರಿ ಕೈಬದಲಾಯಿತು. ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸನ ಸೈನ್ಯಕ್ಕೆ ಸುಲಭವಾಗಿ ದಕ್ಕಿದ ಕೋಟೆಯನ್ನು ಟಿಪ್ಪು ಅದೇ ಬೇಸಿಗೆಯಲ್ಲಿ ಮುತ್ತಿಗೆ ಹಾಕಿ ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಸೋತವರು ಹೆಮ್ಮೆಯಿಂದ ಗೋಡೆಗೆ ತೂಗುಹಾಕುವ ಸಂಗತಿ ಇದರಲ್ಲಿ ಏನಿತ್ತು? ಲಂಡನ್ನಿನ ಚಿತ್ರಕಾರರ ಕೈಯಲ್ಲಿ ಶ್ರೀರಂಗಪಟ್ಟಣಕ್ಕೆ ಸಿಕ್ಕಂಥ ಚಿತ್ರಭಾಗ್ಯ ನಗರಕ್ಕೆ ಸಿಗಲಿಲ್ಲ.

ಅದೇ ದಂಡಯಾತ್ರೆಯಲ್ಲಿ ಕಂಪನಿ ಪಡೆ ಇಂದಿನ ಸಾಗರ ತಾಲ್ಲೂಕಿನ ಆನಂದಪುರವನ್ನು ಲಗ್ಗೆಯಿಟ್ಟು ಹಿಡಿದಾಗ ಹೆಂಗಸರನ್ನೂ ಕೊಂದಿತೆಂಬ ವರದಿ ಲಂಡನ್ನಿನ ವಾರ್ಷಿಕ ಪತ್ರಿಕೆ ‘ಆ್ಯನ್ಯುಯಲ್ ರಿಜಿಸ್ಟರ್’ನಲ್ಲಿ ಅಚ್ಚಾಯಿತು. ಸೇನಾಧಿಕಾರಿಗಳು ಪ್ರತಿಭಟಿಸಿದರು, ಪತ್ರಿಕೆ ಮಾತು ಹಿಂತೆಗೆದುಕೊಂಡಿತು. ಅಕ್ಷರಕ್ಕೆ ತಿದ್ದುಪಡಿ ಹಾಕಬಹುದು. ಕಣ್ಣಲ್ಲಿ ಕೂತ ಚಿತ್ರಕ್ಕೆ ಯಾರು ಹಾಕುತ್ತಾರೆ?

ಚಿತ್ರಗಳು ಸದಾ ಕಂಪನಿಯ ಪರವಾಗಿಯೇ ಇದ್ದವೆಂದಲ್ಲ. 1791ರಲ್ಲಿ ಮಳೆಗೂ ಹಸಿವಿಗೂ ಬೆದರಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆಗೆದಾಗ, ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಕೋಟೆಗೋಡೆಯ ಮೇಲೆ ನಿಂತ ಟಿಪ್ಪು ಓಡುವ ಸೈನ್ಯದ ಮೇಲೆ ಮೂತ್ರ ಹೊಯ್ಯುವಂತೆ ಬರೆದ. ತಾಮ್ರದ ಫಲಕದಲ್ಲಿ ಕೊರೆದು ಒತ್ತಿದ ಇಂಥ ಹಾಳೆಗಳು ಅಂಗಡಿಯ ಕಿಟಕಿಯಲ್ಲಿ ತೂಗುತ್ತಿದ್ದವು. ಕೊಳ್ಳಲು ಕಾಸಿಲ್ಲದವನೂ ನೋಡಿ ನಗಬಹುದಿತ್ತು.

ಮರುವರ್ಷ ಗಾಳಿ ತಿರುಗಿತು. ಒಪ್ಪಂದದ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ ದೃಶ್ಯ ಚಿತ್ರಕಾರರಿಗೆ ಹಬ್ಬದೂಟವಾಯಿತು. ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಬರೆದ. ಭಾರತವನ್ನೇ ಕಾಣದ ಮ್ಯಾದರ್ ಬ್ರೌನ್ ಕೂಡ ಬರೆದ. ಮಕ್ಕಳನ್ನು ಒತ್ತೆಯಿಡಿಸಿಕೊಂಡವನು ಇಲ್ಲಿ ವಾತ್ಸಲ್ಯದ ತಂದೆಯಂತೆ ಕೈಚಾಚುತ್ತಾನೆ. ಇದಕ್ಕಿಂತ ಜಾಣ ಪ್ರಚಾರವನ್ನು ನಾನು ಕಂಡಿಲ್ಲ.

1799ರ ಮೇ 4ರ ಶ್ರೀರಂಗಪಟ್ಟಣದ ಲಗ್ಗೆಯ ನಂತರ ಇನ್ನೂ ತರುಣನಾಗಿದ್ದ ರಾಬರ್ಟ್ ಕೆರ್ ಪೋರ್ಟರ್ ನೂರು ಅಡಿಗೂ ಹೆಚ್ಚು ಉದ್ದದ ಪರದೆಯ ಮೇಲೆ ಅದನ್ನು ಬಿಡಿಸಿ, 1800ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಪ್ರದರ್ಶಿಸಿದ. ಅವನೂ ಶ್ರೀರಂಗಪಟ್ಟಣ ನೋಡಿದವನಲ್ಲ. ಒಡೆದ ಗೋಡೆಯ ಮೇಲೆ ಕತ್ತಿ ಹಿಡಿದ, ಲಗ್ಗೆಯ ಮುಂದಾಳು ಜನರಲ್ ಬೇರ್ಡ್, ಸುತ್ತ ಹೊಗೆ, ಬೀಳುತ್ತಿರುವ ಮೈಸೂರು ಸೈನಿಕರು. ಬೇರ್ಡ್ ಹಿಂದೆ ಅದೇ ಊರಿನ ಸೆರೆಯಲ್ಲಿದ್ದವನು. ನೋಡುಗರಿಗೆ ಇದು ದಾಳಿಯಲ್ಲ, ತೀರಿಸಿಕೊಂಡ ಸೇಡು. ಆ ಪರದೆ ಈಗ ಉಳಿದಿಲ್ಲ. ಅಚ್ಚುಕೊರೆಯುವ ಕಲಾವಿದ ವೆಂಡ್ರಾಮಿನಿ ಅದರಿಂದ ಕೊರೆದ ಅಚ್ಚುಗಳು ಮಾತ್ರ ಉಳಿದಿವೆ.

ಶಿವಮೊಗ್ಗದ ಬಳಿ ಗಾಜನೂರಿನ ಕಡೆ 1791ರ ಡಿಸೆಂಬರಿನಲ್ಲಿ ಕಂಪನಿಯ ಕ್ಯಾಪ್ಟನ್ ಲಿಟಲ್‌ನ ತುಕಡಿ ಮಾಡಿದ ಯುದ್ಧವೂ ಗೆಲುವೇ ಆಗಿತ್ತು. ಆದರೆ ಅದು ದಟ್ಟ ಕಾಡಿನೊಳಗಿನ ಕಾದಾಟ. ಕಾಡಿನಲ್ಲಿ ಬುರುಜಿಲ್ಲ, ಬಾವುಟ ನೆಡಲು ಎತ್ತರದ ಗೋಡೆಯಿಲ್ಲ. ಅಲ್ಲಿ ಗಾಯಗೊಂಡ ಸೇನಾಧಿಕಾರಿ ಎಡ್ವರ್ಡ್ ಮೂರ್ 1794ರಲ್ಲಿ ಅದರ ಕಥೆಯನ್ನು ದಪ್ಪ ಪುಸ್ತಕವಾಗಿ ಬರೆದ. ಪುಸ್ತಕವನ್ನು ಓದಬೇಕು, ಅಂಗಡಿ ಕಿಟಕಿಯ ಮುಂದೆ ಗುಂಪುಗೂಡಿದವರಿಗೆ ಆ ತಾಳ್ಮೆ ಬೇಕಿರಲಿಲ್ಲ.