ಪದ ಪರಿಚಯ: ಎರಡು ಜೀವದಾಕಿ

ನನ್ನ ತಮ್ಮನ ಹೆಂಡತಿ ಸ್ಟೂಲ್ ಹತ್ತಿ ಮೇಲಿನ ಶೆಲ್ಫಿನ ಶೇಂಗಾ ಡಬ್ಬಿಗೆ ಕೈ ಚಾಚಿದ್ದಳು. ಅವ್ವ ಎಮ್ಮೆ ಹಿಂಡಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ನೋಡಿದ್ದೇ ಚರಿಗೆ ಕೆಳಗಿಟ್ಟು, “ಎರಡ ಜೀವದಾಕಿ ಇದ್ದಿ, ಮೊದಲ ಇಳಿ ಕೆಳಗ” ಅಂತ ಗದರಿದಳು. ಮನೆಮಂದಿಗೆಲ್ಲ ಸುದ್ದಿ ಗೊತ್ತಾಗಿದ್ದು ಹಾಗೆ. ಅಲ್ಲಿಯವರೆಗೆ ಅದು ಗಂಡ-ಹೆಂಡತಿ ಮತ್ತು ಮೆಡಿಕಲ್ ಶಾಪಿನಿಂದ ತಂದ ಕಿಟ್ಟಿನ ಎರಡು ಗೆರೆಗಳ ನಡುವೆ ಮಾತ್ರ ಇತ್ತು. ಅವ್ವನಿಗೆ ಯಾರೂ ಹೇಳಿರಲಿಲ್ಲ. ಸೊಸೆ ಎರಡು ದಿನದಿಂದ ಒಗ್ಗರಣೆ ವಾಸನೆಗೆ ಎದ್ದು ಹೊರಗೆ ಹೋಗೋದನ್ನು ನೋಡಿದ್ದಳು, ಅಷ್ಟೇ ಸಾಕಾಗಿತ್ತು.

ಎರಡು ಜೀವದಾಕಿ ಅಂದರೆ ಬಸುರಿ. ಜಮಖಂಡಿ, ಮುಧೋಳ, ಅಥಣಿ, ವಿಜಯಪುರ ಕಡೆ ದಿನಾ ಕಿವಿಗೆ ಬೀಳುವ ಮಾತು. ‘ಆಕಿ’ ಅಂದರೆ ಅವಳು. ಮೈಸೂರು ಕಡೆಯವರು ‘ಎರಡು ಜೀವದವಳು’ ಅಂತ ಓದಿಕೊಳ್ಳಬಹುದು. ಆದರೆ ಬಸುರಿ, ಗರ್ಭಿಣಿ, ಎರಡು ಜೀವದಾಕಿ, ಈ ಮೂರೂ ಒಂದೇ ಅಲ್ಲ. ಬಸಿರು ಅಂದರೆ ಹಳಗನ್ನಡದಲ್ಲಿ ಸುಮ್ನೆ ಹೊಟ್ಟೆ. ಗರ್ಭಿಣಿ ಆಸ್ಪತ್ರೆಯ ಮಾತು, ತಾಯಿ ಕಾರ್ಡಿನ ಮೇಲೆ ಬರೆಯೋ ಮಾತು. ಆ ಗರ್ಭವೇ ಸವೆದು ‘ಗಬ್ಬ’ ಆಗಿದೆ. ಅದು ಎಮ್ಮೆ, ಆಕಳಿಗೆ ಮೀಸಲು. ಮನುಷ್ಯರಿಗೆ ಅಂದರೆ ಜಗಳ ಗ್ಯಾರಂಟಿ.

ಎರಡು ಜೀವದಾಕಿ ಅನ್ನೋದು ಬರೀ ಸುದ್ದಿ ಹೇಳುವ ಪದ ಅಲ್ಲ. ಅದರ ಹಿಂದೆ ಯಾವಾಗಲೂ ಒಂದು ‘ಬ್ಯಾಡ’ ಅಥವಾ ಒಂದು ‘ಕೊಡು’ ಇರುತ್ತದೆ. ಎರಡು ಜೀವದಾಕಿ, ಕೊಡ ಎತ್ತಬೇಡ. ಎರಡು ಜೀವದಾಕಿ ಅದಾಳ, ಸ್ವಲ್ಪ ಸರೀರಿ, ಕೂಡಲಿ. ಬಸ್ಸಿನಲ್ಲಿ ಈ ಮಾತಿಗೆ ಸೀಟು ಸಿಗುತ್ತದೆ, ಗಂಡಸರೂ ಏಳುತ್ತಾರೆ. ಗರ್ಭಿಣಿ ಅಂದರೆ ಸಿಗುತ್ತದೋ ಇಲ್ಲವೋ, ನಾನು ನೋಡಿಲ್ಲ.

ಈ ಎಣಿಕೆ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ನಾಲ್ಕನೇ ತಿಂಗಳಿಗೆ ಕೂಸಿನ ಹೃದಯ ಮೂಡುತ್ತದೆ, ಹಾಗಾಗಿ ಬಸುರಿಗೆ ಎರಡು ಹೃದಯ ಅಂತ ಇದೆ. ಅಂಥವಳನ್ನು ಅಲ್ಲಿ ‘ದೌಹೃದಿನಿ’ ಅಂತ ಕರೆದಿದ್ದಾರೆ. ಬಯಕೆ ಹುಟ್ಟೋದು ಆ ಎರಡನೇ ಹೃದಯದಿಂದ, ತೀರಿಸದಿದ್ದರೆ ಕೂಸಿಗೆ ಊನ ಅನ್ನೋ ನಂಬಿಕೆಯೂ ಅಲ್ಲೇ ಇದೆ. ಅವ್ವ ಸುಶ್ರುತನ ಹೆಸರು ಕೇಳಿದವಳಲ್ಲ. ಆದರೆ ಸೊಸೆ ಹುಣಸೆಕಾಯಿ ಬೇಕು ಅಂದರೆ ರಾತ್ರಿ ಎಂಟಕ್ಕೆ ಮಗನನ್ನು ತೋಟಕ್ಕೆ ಓಡಿಸುತ್ತಾಳೆ. “ಕೇಳಾಕತ್ತಿದ್ದು ಆಕಿ ಅಲ್ಲೋ, ಒಳಗಿಂದು” ಅನ್ನುತ್ತಾಳೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗಲೂ ಇದೇ ಲೆಕ್ಕ. ಪೈರು ಹೊತ್ತು ನಿಂತ ಭೂತಾಯಿ ಬಸುರಿ, ಅವಳಿಗೂ ಬಯಕೆ ಇರುತ್ತದೆ. ಸಜ್ಜೆ ಕಡಬು, ಪುಂಡಿಪಲ್ಯ ಮೊದಲು ಅವಳಿಗೆ, ಆಮೇಲೆ ನಮಗೆ.

ಇಷ್ಟಾದ ಮೇಲೆ ಗರ್ಭ ತೆಗೆಸುವ ಮಾತು ಅವ್ವನಿಗೆ ಯಾಕೆ ಸೇರೋದಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಎರಡು ಅಂತ ಎಣಿಸಿದ ಮೇಲೆ ಒಂದನ್ನು ಕಳೆಯೋದು ಅವಳಿಗೆ ಬರೋದಿಲ್ಲ.

ಆ ಮಾತಿಗೆ ನಮ್ಮಲ್ಲಿ ಇರುವ ಪದಗಳನ್ನೂ ನೋಡಿ. ‘ತಗಸೋದು’ ಅಂತಾರೆ. ಹಲ್ಲಿಗೂ ಅದೇ, ಗರ್ಭಚೀಲಕ್ಕೂ ಅದೇ. ಇಲ್ಲಾಂದರೆ ‘ಕ್ಲೀನ್ ಮಾಡ್ಸೋದು’. ತಾನಾಗಿ ಹೋದರೆ ‘ಬಿತ್ತು’ ಅಥವಾ ‘ನಿಲ್ಲಲಿಲ್ಲ’. ಆಯುರ್ವೇದದಲ್ಲಿ ನಾಲ್ಕು ತಿಂಗಳವರೆಗೆ ಹೋದರೆ ಗರ್ಭಸ್ರಾವ, ಐದು-ಆರನೇ ತಿಂಗಳಿಗೆ ಹೋದರೆ ಗರ್ಭಪಾತ. ಈಗ ಪೇಪರಿನವರು ಎಲ್ಲದಕ್ಕೂ ಗರ್ಭಪಾತ ಅಂತಾನೇ ಬರೆಯುತ್ತಾರೆ. ಊರಲ್ಲಿ ‘ಅಬಾರ್ಷನ್ ಆತು’ ಅನ್ನೋದು ಜಾಸ್ತಿ. ಆತು ಅಂದರೆ ತಾನಾಗಿ ಆಯಿತೋ, ಮಾಡಿಸಿದ್ದೋ? ಕೇಳಬಾರದು ಅಂತಲೇ ಆ ಕ್ರಿಯಾಪದ. ಎಷ್ಟೋ ಹೆಣ್ಣುಮಕ್ಕಳು ಅದರ ಮರೆಯಲ್ಲಿ ಬದುಕಿಕೊಂಡಿದ್ದಾರೆ.

ಅವ್ವನ ವಿರೋಧ ಪುರಾಣ ಕೇಳಿ ಬಂದದ್ದಲ್ಲ. ನನಗೂ ತಮ್ಮನಿಗೂ ನಡುವೆ ಒಂದು ಇತ್ತು. 1987ರ ಬೇಸಿಗೆ. ಆರನೇ ತಿಂಗಳು ನಡೆದಿತ್ತು, ಕಬ್ಬಿನ ರವದಿ ಹೊರೆ ಹೊತ್ತು ಬಂದ ಸಂಜೆ ಹೊಟ್ಟೆನೋವು ಶುರುವಾಯಿತು. ಜಮಖಂಡಿಗೆ ಗಾಡಿ ಹೂಡುವ ಮೊದಲೇ ಮುಗಿದಿತ್ತು. ಅಜ್ಜಿ ಹಳೇ ಧೋತರದ ತುಂಡಿನಲ್ಲಿ ಸುತ್ತಿ ಬದುವಿನ ಬೇವಿನ ಗಿಡದ ಕೆಳಗೆ ಇಟ್ಟು ಬಂದಳಂತೆ. ಈ ಕಥೆ ಅವ್ವ ಹೇಳಿದ್ದು ಒಂದೇ ಸಲ, ಅದೂ ನನ್ನ ಮೇಲೆ ಸಿಟ್ಟು ಬಂದಾಗ. “ನೀವು ರಿಪೋರ್ಟ್ ನೋಡೀರಿ. ನಾ ಬೆರಳ ನೋಡೇನಿ” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಎರಡನೇ ಜೀವ ಯಾವಾಗ ಶುರು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಕ್ಯಾಲೆಂಡರ್. ಅವ್ವನ ಪ್ರಕಾರ ಮುಟ್ಟು ನಿಂತ ದಿನದಿಂದ. ಸುಶ್ರುತನಿಗೆ ನಾಲ್ಕನೇ ತಿಂಗಳು, ಸ್ಕ್ಯಾನಿಂಗ್ ಮಷೀನಿಗೆ ಆರು-ಏಳನೇ ವಾರಕ್ಕೇ ಬಡಿತ. ಲಿಂಗಾಯತ ಮನೆಗಳಲ್ಲಿ ಎಂಟನೇ ತಿಂಗಳಿಗೆ ಹೊಟ್ಟೆಯಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡುವ ಪದ್ಧತಿ ಇದೆ. ಇನ್ನೂ ಹೆಸರಿಲ್ಲದ, ಮುಖ ಕಾಣದ ಕೂಸಿಗೆ ಲಿಂಗ! ಬ್ರಿಟಿಷರ ಕಾಲದ ದಂಡಸಂಹಿತೆ ಕೂಸು ಮಿಸುಕಿದ್ದನ್ನು ಗುರುತು ಮಾಡಿಕೊಂಡಿತ್ತು. ಅಕ್ರಮ ಗರ್ಭಪಾತಕ್ಕೆ 3 ವರ್ಷದವರೆಗೆ ಶಿಕ್ಷೆ, ಹೊಟ್ಟೆಯಲ್ಲಿ ಮಿಸುಕಾಟ ಶುರುವಾಗಿದ್ದರೆ 7 ವರ್ಷದವರೆಗೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲೂ ಇದೇ ಉಳಿದಿದೆ. ನಮ್ಮಲ್ಲಿ ಕುಬಸ, ಅಂದರೆ ಸೀಮಂತ, ಮಾಡೋದೂ ಹೆಚ್ಚುಕಡಿಮೆ ಕೂಸು ಮಿಸುಕುವ ಹೊತ್ತಿಗೇ, ಐದನೇ ಇಲ್ಲವೇ ಏಳನೇ ತಿಂಗಳಿಗೆ. ಅದಕ್ಕೂ ಮೊದಲು ಯಾರಿಗೂ ಗೊತ್ತಾಗದಂತೆ ತವರಿನವರು ಮಾಡೋದು ಕಳ್ಳ ಕುಬಸ. ನಿಲ್ಲುತ್ತದೋ ಇಲ್ಲವೋ ಅನ್ನೋ ಅನುಮಾನ ಅವ್ವನಂಥವರಿಗೂ ಇದ್ದೇ ಇದೆ ಅನ್ನೋದಕ್ಕೆ ಆ ‘ಕಳ್ಳ’ ಅನ್ನೋ ಮಾತೇ ಸಾಕ್ಷಿ, ಅಲ್ವಾ?

ಇಲ್ಲೊಂದು ಗೊಂದಲ ಬಿಡಿಸಬೇಕು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೋರ್ಡ್ ನೋಡಿರ್ತೀರಿ, ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಅಂತ. ಅಲ್ಲಲ್ಲಿ ಗೋಡೆ ಮೇಲೆ ‘ಭ್ರೂಣಹತ್ಯೆ ಮಹಾಪಾಪ’ ಅನ್ನೋ ಬರಹವೂ ಇರುತ್ತದೆ. ಅವ್ವ ಎರಡನ್ನೂ ಕೂಡಿಸಿ ಓದಿಕೊಂಡು “ಸರಕಾರದವ್ರ ತಗಸಬ್ಯಾಡ ಅಂದಾರ” ಅನ್ನುತ್ತಾಳೆ. ನನ್ನ ಜೊತೆ ಡಿಗ್ರಿ ಓದಿದವರೂ ಹಾಗೇ ತಿಳಿದುಕೊಂಡಿದ್ದಾರೆ. ಇವು ಬೇರೆ ಬೇರೆ ಕಾನೂನು. ಗಂಡೋ ಹೆಣ್ಣೋ ಅಂತ ನೋಡೋದು, ಹೇಳೋದು, ಕೇಳೋದು 1994ರ ಕಾನೂನಿನಲ್ಲಿ ಅಪರಾಧ. ಗರ್ಭಪಾತಕ್ಕೆ 1971ರ ಬೇರೆ ಕಾನೂನೇ ಇದೆ, 2021ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರು ಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ನಡುವೆ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಹೀಗೆ ಕೆಲವರಿಗೆ. ಈ ಕೆಲವರಲ್ಲಿ ಮದುವೆಯಾಗದವರನ್ನು ಬಿಡುವಂತಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೂಸಿನಲ್ಲಿ ದೊಡ್ಡ ದೋಷ ಇದ್ದು 24 ವಾರ ದಾಟಿದ್ದರೆ ವೈದ್ಯರ ಮಂಡಳಿ ಮುಂದೆ ಹೋಗಬೇಕು. ವಯಸ್ಸಿಗೆ ಬಂದ ಹೆಣ್ಣಿಗೆ ಬೇಕಿರೋದು ಅವಳೊಬ್ಬಳ ಒಪ್ಪಿಗೆ. ಗಂಡನ ಸಹಿ ಕಾನೂನು ಕೇಳೋದಿಲ್ಲ, ಕೌಂಟರಿನಲ್ಲಿ ಕೂತವರು ಕೇಳುತ್ತಾರೆ. ಹಾಗಂತ ಈ ಕಾನೂನು ಹೆಣ್ಣಿನ ಇಷ್ಟಕ್ಕೆ ಬಿಟ್ಟಿದೆ ಅಂತಲ್ಲ, ವೈದ್ಯರ ಅಭಿಪ್ರಾಯಕ್ಕೆ ಕಟ್ಟಿ ಹಾಕಿದೆ.

ಈ ಗೊಂದಲ ಸಣ್ಣದಲ್ಲ. ಕಾನೂನಿನಲ್ಲಿ ದಾರಿ ಇದೆ ಅಂತ ಗೊತ್ತಿಲ್ಲದವರು ಕಳ್ಳದಾರಿ ಹಿಡಿಯುತ್ತಾರೆ. ಹೆಣ್ಣು ಬೇಡ ಅನ್ನುವವರಂತೂ ಬೇಕಂತಲೇ ಹಿಡಿಯುತ್ತಾರೆ. 2017ರ ಮಾರ್ಚ್‌ನಲ್ಲಿ ಮಿರಜ್ ಹತ್ತಿರದ ಮ್ಹೈಸಾಳದಲ್ಲಿ ಗರ್ಭಪಾತಕ್ಕೆ ಹೋದ ಒಬ್ಬಳು ಸತ್ತ ಮೇಲೆ, ಅಲ್ಲಿ ಹೂತಿದ್ದ 19 ಭ್ರೂಣಗಳು ಸಿಕ್ಕವು. ಕಾಗವಾಡದಿಂದ ಅದು ಕೂಗಳತೆ. 2022ರ ಜೂನ್‌ನಲ್ಲಿ ಮೂಡಲಗಿಯ ಹಳ್ಳದಲ್ಲಿ 7 ಭ್ರೂಣ. 2024ರಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರಕ್ಕೆ ಇದೇ ಕೆಲಸಕ್ಕೆ ಬಂದಿದ್ದ ಮಹಾರಾಷ್ಟ್ರದ ಹೆಣ್ಣುಮಗಳು ತೀರಿಹೋದಳು. ಆ ಸುದ್ದಿ ಟಿವಿಯಲ್ಲಿ ಬಂದಾಗ ಅವ್ವ ಮೆಂತ್ಯೆ ಸೋಸುತ್ತಿದ್ದಳು. ಪಾಪಕ್ಕೆ ಶಿಕ್ಷೆ ಆಯಿತು ಅನ್ನುತ್ತಾಳೆ ಅಂದುಕೊಂಡೆ. “ಎರಡೂ ಹ್ವಾದವಲ್ಲವಾ” ಅಂದಳು. ಸೋಸಿದ ಎಲೆ, ಕಡ್ಡಿ ಎರಡೂ ಒಂದೇ ಬುಟ್ಟಿಗೆ ಹಾಕಿಕೊಂಡು ಬಿಟ್ಟಿದ್ದಳು.

ಅವ್ವನ ಪದದಲ್ಲಿ ‘ಎರಡು’ ಅನ್ನೋದು ನಿಜವಾಗಿಯೂ ಎರಡು ಅಂತ ನನಗೆ ಹೊಳೆದದ್ದು ಆಗ. ಭ್ರೂಣಹತ್ಯೆ ಅನ್ನೋ ಪದದಲ್ಲಿ ತಾಯಿಯೇ ಇಲ್ಲ, ನೋಡಿ. ತಗಸೋದು ಅನ್ನೋದರಲ್ಲಿ ಕೂಸಿಲ್ಲ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡ ಪದ ನಮ್ಮಲ್ಲಿ ಇದೊಂದೇ.

ಈಗ ನನ್ನದು. ನಾಲ್ಕು ವರ್ಷದ ಹಿಂದೆ, ಎರಡು ಮಕ್ಕಳಾದ ಮೇಲೆ, ಎಚ್ಚರಿಕೆ ಇದ್ದರೂ ನಿಂತಿತ್ತು. ಮಗಳು ಹುಟ್ಟುವಾಗ ಬಿಪಿ ಏರಿ, ಫಿಟ್ಸ್ ಬಂದು ಎರಡು ದಿನ ಐಸಿಯುನಲ್ಲಿದ್ದೆ. ಈ ಸಲ ಕಾಳಜಿ ಮಾಡಿದರೆ ನಡೆಸಬಹುದು ಅಂದರು ಡಾಕ್ಟರು. ಬೇಡ ಅಂದವಳು ನಾನೇ. ಏಳನೇ ವಾರ. 9 ವಾರದೊಳಗಾದರೆ ಮಾತ್ರೆಯಲ್ಲೇ ಆಗುತ್ತದೆ, ಆದರೆ ಡಾಕ್ಟರ ಕೈಯಿಂದಲೇ ಆಗಬೇಕು, ಅಂಗಡಿಯಿಂದ ತಂದು ನುಂಗುವಂಥದ್ದಲ್ಲ. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಮುಚ್ಚಿಡಬಹುದಿತ್ತು, ‘ಆತು’ ಅಂದುಬಿಡಬಹುದಿತ್ತು. ಯಾಕೋ ಆಗಲಿಲ್ಲ.

“ಎರಡ ಜೀವದಾಕಿ ಬಾಯಾಗ ಇಂಥಾ ಮಾತ ಬರಬಾರದು” ಅಂದಳು. ಬೇವಿನ ಗಿಡದ ಕಥೆ ಬಂದದ್ದು ಆವತ್ತೇ. ಫೋನ್ ಇಟ್ಟಳು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗಲಕೋಟೆಯ ನವನಗರದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಾಳೆ, ಕೈಯಲ್ಲಿ ಕೊಬ್ಬರಿ, ಅಳವಿ, ಅಂಟು, ಒಂದು ಡಬ್ಬಿ ತುಪ್ಪ. ಎಲ್ಲಾ ಬಾಣಂತಿ ಸಾಮಾನು. ನನ್ನ ತಲೆಗೆ ಬಟ್ಟೆ ಕಟ್ಟಿದಳು, ಫ್ಯಾನ್ ಆರಿಸಿದಳು, ಏಪ್ರಿಲ್ ತಿಂಗಳಲ್ಲಿ! “ಹಸಿ ಮೈ ಐತಿ, ಗಾಳಿ ಬಡಿಬಾರದು.” ಹೆತ್ತ ಮೈಗೆ ಹೇಳೋ ಮಾತದು. ನನಗೂ ಅದನ್ನೇ ಅಂದಳು. ಅಳವಿ ಪಾಯಸ ಮುಂದಿಟ್ಟು, “ನೀ ಮಾಡಿದ್ದು ನನಗ ಸೇರಿಲ್ಲ. ಉಣ್ಣು” ಅಂದಳು. ಐದು ದಿನ ಇದ್ದಳು, ಮಕ್ಕಳಿಗೆ ಜಡೆ ಹಾಕಿದಳು, ಗಂಡನಿಗೆ ಬುತ್ತಿ ಕಟ್ಟಿದಳು. ಸೇರಿಲ್ಲ ಅನ್ನೋದನ್ನು ದಿನಕ್ಕೊಮ್ಮೆ ಹೇಳಿದಳು.

ಅವಳು ಬದಲಾದಳು ಅಂತ ಯಾರೂ ತಿಳಿಯಬೇಡಿ. ಕಳೆದ ತಿಂಗಳು ತಮ್ಮನ ಹೆಂಡತಿಯ ಕುಬಸ ಆಯಿತು. ಹಸಿರು ಸೀರೆ, ಹಸಿರು ಬಳೆ, ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು. ಆರತಿಗೆ ಐವರು ಮುತ್ತೈದೆಯರನ್ನು ಅವ್ವ ಹೆಸರು ಹಿಡಿದು ಕರೆದಳು. ಅದರಲ್ಲಿ ನಾನಿರಲಿಲ್ಲ. ಬೇಕಂತಲೇ ಬಿಟ್ಟಳೋ, ಎಲೆ-ಅಡಿಕೆ ತಟ್ಟೆ ನನ್ನ ಕೈಯಲ್ಲಿತ್ತು ಅಂತ ಬಿಟ್ಟಳೋ, ನಾನು ಕೇಳಲಿಲ್ಲ. ಬೇಸರ ಆಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಒಲೆ ಮುಂದೆ ಕೂತಾಗ ಬೇರೆ ಪ್ರಶ್ನೆ ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ.

“ಅವ್ವಾ, ಎರಡ ಜೀವ ಅಂತೀಯಲ್ಲ, ಅದರಾಗ ಮೊದಲನೇದು ಯಾವುದು?”

ತಟ್ಟುವ ಕೈ ನಿಲ್ಲಲಿಲ್ಲ. “ಅದೇನ ಕೇಳ್ತಿ? ಹೊತ್ತಾಕಿದು.”

“ಮತ್ತ?”

“ಮತ್ತ ಏನಿಲ್ಲ. ರೊಟ್ಟಿ ಹೊತ್ತಾಕತ್ತಾವ, ಹೊಳ್ಳಿಸಿ ಹಾಕು.”