ಸಾವಿರಕ್ಕೆ ಐದು ಪುಸ್ತಕ ಕಳೆಯಬಹುದು

ಶಾಲಾ ಗ್ರಂಥಾಲಯ ನಡೆಸುವುದು ಹೇಗೆ ಎಂದು ಯಾರಾದರೂ ಶಿಕ್ಷಕರು ಕೇಳಿದರೆ ನಾನು ಮೊದಲು ಹೇಳುವುದು ಒಂದು ಹಣಕಾಸು ನಿಯಮವನ್ನು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಪುಸ್ತಕಗಳ ತಪಾಸಣೆಯ ಬಗ್ಗೆ ಇದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ ಎಂದು ಒಪ್ಪಿಕೊಳ್ಳಬಹುದು ಎನ್ನುತ್ತದೆ ಅದು. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು.

ಇಲ್ಲಿ ಲೆಕ್ಕ ಹಿಡಿಯುವುದು ಓದಲು ಕೊಟ್ಟ ಪುಸ್ತಕದ ಮೇಲೆ ಎನ್ನುವುದನ್ನು ಗಮನಿಸಿ. 300 ಮಕ್ಕಳಿರುವ ಶಾಲೆಯಲ್ಲಿ ಒಬ್ಬೊಬ್ಬರೂ ವಾರಕ್ಕೊಂದರಂತೆ 30 ವಾರ ಪುಸ್ತಕ ಒಯ್ದರೆ ವರ್ಷಕ್ಕೆ 9,000 ಸಲ ಕೊಟ್ಟಂತಾಯಿತು. ಆಗ 45 ಪುಸ್ತಕ ವಾಪಸ್ ಬರದಿದ್ದರೂ ಮಿತಿಯೊಳಗೇ ಇದ್ದೇವೆ. ಯಾರಿಗೂ ಕೊಡದೆ ಬೀಗ ಹಾಕಿಟ್ಟ ಬೀರುವಿಗೆ ಈ ರಿಯಾಯಿತಿ ಸಿಗುವುದಿಲ್ಲ.

ಇದು ಕೇಂದ್ರದ ನಿಯಮ, ರಾಜ್ಯದ ಶಾಲೆಗಳಿಗೆ ಅವುಗಳದೇ ನಿಯಮಗಳಿವೆ. ಆದರೂ ಇದನ್ನೇ ಮೊದಲು ಎತ್ತುವುದಕ್ಕೆ ಕಾರಣವಿದೆ. ನಮ್ಮ ಬಹುತೇಕ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಕನ್ನಡದ ಮೇಡಂಗೋ ಸಮಾಜದ ಮೇಷ್ಟ್ರಿಗೋ ಗ್ರಂಥಾಲಯದ ಇನ್‌ಚಾರ್ಜ್ ಕೊಟ್ಟಿರುತ್ತಾರೆ. ವರ್ಗಾವಣೆ ಆದ ದಿನ ಸ್ಟಾಕ್ ರಿಜಿಸ್ಟರ್ ಹಿಡಿದು ಒಂದೊಂದೇ ಪುಸ್ತಕ ತಾಳೆ ಹಾಕಿ ಚಾರ್ಜ್ ವಹಿಸಿಕೊಡಬೇಕು. ಕಡಿಮೆ ಬಿದ್ದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅಲ್ಲಿ ಕಥೆಪುಸ್ತಕಗಳೂ ಇರಬೇಕು ಎಂದು ಬರೆದಿಟ್ಟಿದೆ. ಶಾಲಾ ಶಿಕ್ಷಣಕ್ಕಾಗಿ ಇರುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಬಂದ ಪುಸ್ತಕ ಈ ಭಯ ದಾಟಿ ಮಗುವಿನ ಕೈ ಸೇರಬೇಕು. ಹಾಗಾಗಿ ಇನ್‌ಚಾರ್ಜ್ ಶಿಕ್ಷಕರಿಗೆ ನಾನು ಹೇಳುವುದು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ, ಓದಿ ಹರಿದ ಪುಸ್ತಕ, ಅಲ್ಪಸ್ವಲ್ಪ ಕಳೆದ ಪುಸ್ತಕದ ಬಗ್ಗೆ ಶಾಲೆಯ ನಿಲುವೇನೆಂದು ನಡಾವಳಿಯಲ್ಲಿ ಬರೆಸಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಆಮೇಲೆ ಧೈರ್ಯವಾಗಿ ಬೀರು ತೆರೆಯಿರಿ.

ಬೀರು ತೆರೆದರೆ ಮಕ್ಕಳು ತಾವಾಗಿ ಓದಿಬಿಡುತ್ತಾರೆ ಎಂದುಕೊಳ್ಳಬೇಡಿ. ಗ್ರಂಥಪಾಲಕರ ಕಸುಬು ಶುರುವಾಗುವುದೇ ಅಲ್ಲಿಂದ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಎನ್ನುವುದು. ಮುಂದೆ ಅವರು ಬೆಂಗಳೂರಿಗೇ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಈ ಎರಡನೇ ಸೂತ್ರವನ್ನು ಶಾಲೆಯಲ್ಲಿ ಪಾಲಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎನ್ನುವುದು ಕನ್ನಡ ಓದಲು ತಿಣುಕುವ ಮಗುವಿನ ಪಕ್ಕ ಕೂತಾಗ ತಿಳಿಯುತ್ತದೆ. ಕಾಗುಣಿತ ಬಂದ ಮಗು ‘ಅಕ್ಕ’, ‘ಹಳ್ಳಿ’ಯಂಥ ಸಜಾತಿ ಒತ್ತಕ್ಷರಗಳನ್ನು ಬೇಗ ಹಿಡಿಯುತ್ತದೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಬಂದಾಗ ನಿಲ್ಲುತ್ತದೆ. ಅರ್ಕಾವೊತ್ತಿನದು ಇನ್ನೊಂದು ತೊಡಕು. ‘ಧರ್ಮ’ದಲ್ಲಿ ರೇಫದ (‘ರ್’ ಧ್ವನಿಯ) ಗುರುತು ಮಕಾರದ ಆಚೆ ಇರುತ್ತದೆ, ಉಚ್ಚಾರ ಮಾತ್ರ ಮಕಾರಕ್ಕಿಂತ ಮೊದಲು. ‘ಹೋಗಬೇಕಾಗಿದ್ದುದರಿಂದ’ ಎಂಬಂಥ ಉದ್ದದ ಪದದ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತುಹೋಗಿರುತ್ತದೆ. ಮನೆಯಲ್ಲಿ ಲಂಬಾಣಿ, ದಖನಿ ಉರ್ದು, ತುಳು, ತೆಲುಗು ಆಡುವ ಮಗುವಿಗಂತೂ ಪದ ಓದಿದ ಮೇಲೂ ಅರ್ಥಕ್ಕೆ ಇನ್ನೊಂದು ಹೆಜ್ಜೆ ಬೇಕು.

ಇಂಥ ಮಗು ‘ನಂಗೆ ಓದೋಕೆ ಬೇಜಾರು ಮಿಸ್’ ಅಂದರೆ ಅದು ಸೋಮಾರಿತನ ಅಲ್ಲ. ಆರನೇ ಕ್ಲಾಸಿನವನೆಂದು ಆರನೇ ಕ್ಲಾಸಿನ ಪುಸ್ತಕ ಕೊಟ್ಟಿದ್ದೇವೆ, ಅಷ್ಟೆ. ಪುಸ್ತಕ ಕೊಡುವ ಮುಂಚೆ ನಡುವಿನ ಒಂದು ಪುಟ ತೆಗೆದು ಮೆಲ್ಲಗೆ ಓದಲು ಹೇಳುತ್ತೇನೆ. ತಿದ್ದಲು ಹೋಗುವುದಿಲ್ಲ, ಬೆರಳು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಸಾಲುಸಾಲಿಗೂ ನಿಂತರೆ ಆ ಪುಸ್ತಕ ಇವತ್ತಿಗೆ ಬೇಡ. ಸುಲಭದ ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡ ಕಥೆಗಳನ್ನು ಓದುವ ನಾಲ್ಕು ಹಂತಕ್ಕೆ ತಕ್ಕಂತೆ ಬೇರ್ಪಡಿಸಿಟ್ಟಿದ್ದಾರೆ. ಮುಕ್ತ ಪರವಾನಗಿಯವಾದ್ದರಿಂದ ಮುದ್ರಿಸಿ ಕೊಡಲೂ ಅಡ್ಡಿಯಿಲ್ಲ.

ಆದರೆ ಎಂಟನೇ ಕ್ಲಾಸಿನ ಹುಡುಗ ತೆಳು ಚಿತ್ರಪುಸ್ತಕ ಹಿಡಿದು ಗೆಳೆಯರ ಎದುರು ನಡೆದು ಹೋಗಲಾರ. ಆ ನಾಚಿಕೆಯನ್ನು ಗೌರವಿಸಬೇಕು. ನಾನು ಕಂಡಂತೆ ಇದಕ್ಕೆ ಒಳ್ಳೆಯ ದಾರಿ, ಅವನಿಗೊಂದು ಜವಾಬ್ದಾರಿ ವಹಿಸುವುದು: ‘ಶುಕ್ರವಾರ ಎರಡನೇ ಕ್ಲಾಸಿನ ಮಕ್ಕಳಿಗೆ ನೀನು ಕಥೆ ಓದಿ ಹೇಳ್ಬೇಕಪ್ಪ, ಅಭ್ಯಾಸ ಮಾಡ್ಕೊಂಡು ಬಾ.’ ಈಗ ಆ ಪುಸ್ತಕ ಅವನ ಕೈಯಲ್ಲಿರುವುದಕ್ಕೆ ಕಾರಣ ಸಿಕ್ಕಿತು. ಮನೆಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಓದುತ್ತಾನೆ, ಒತ್ತಕ್ಷರ ತಡವರಿಸುತ್ತ ಬಾಯಿಗೆ ಬರುತ್ತದೆ. ಚಿಕ್ಕ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವಾಗ ಅವನ ದನಿಯೇ ಬದಲಾಗುತ್ತದೆ. ಹೀಗೆ ಶುರು ಮಾಡಿದ ಮಕ್ಕಳು ಸ್ವಲ್ಪ ದಪ್ಪದ ಪುಸ್ತಕವನ್ನು ತಾವಾಗಿ ಕೇಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಓದಿದ ಪುಸ್ತಕಕ್ಕೆ ಸಾರಾಂಶ ಬರೆಸುವ ಪದ್ಧತಿ ಬಹಳ ಶಾಲೆಗಳಲ್ಲಿದೆ. ದಯವಿಟ್ಟು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಬರೆಯಬೇಕಲ್ಲ ಎಂದು ಅತಿ ತೆಳು ಪುಸ್ತಕ ಹುಡುಕುತ್ತಾರೆ, ಇಲ್ಲವೇ ಬೆನ್ನುಪುಟ ನಕಲು ಮಾಡುತ್ತಾರೆ. ಪುಸ್ತಕ ವಾಪಸ್ ತಂದಾಗ ‘ಇದನ್ನ ಮುಂದೆ ಯಾರಿಗೆ ಕೊಡ್ಲಿ?’ ಎಂದು ಕೇಳಿದರೆ ಸಾಕು. ‘ಅವಳಿಗೆ ಕೊಡಿ ಮಿಸ್, ಅವಳಿಗೆ ನಾಯಿ ಅಂದ್ರೆ ಇಷ್ಟ’ ಎಂದು ಮಗು ಉತ್ತರಿಸಿದರೆ ಪುಸ್ತಕವೂ ಅರ್ಥವಾಗಿದೆ, ಗೆಳತಿಯೂ ಅರ್ಥವಾಗಿದ್ದಾಳೆ. ಒಂದೇ ಪುಸ್ತಕವನ್ನು ಪದೇ ಪದೇ ಒಯ್ಯುವ ಮಕ್ಕಳನ್ನೂ ತಡೆಯಬಾರದು. ಗೊತ್ತಿರುವ ಕಥೆಯಲ್ಲೇ ಓದು ಸರಾಗವಾಗುತ್ತದೆ.

ಇಶ್ಯೂ ರಿಜಿಸ್ಟರ್ ಬಗ್ಗೆ ಎರಡು ಮಾತು. ತಿಂಗಳಿಗೊಮ್ಮೆ ಅದನ್ನು ಹೆಸರಿನ ಪ್ರಕಾರ ಓದಬೇಕು. ತಪ್ಪದೆ ಬರುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಂತಿದ್ದರೆ ವಿಚಾರಿಸಬೇಕು. ಮನೆಯಲ್ಲಿ ಪುಟ್ಟ ತಮ್ಮ ಪುಸ್ತಕವನ್ನು ಹರಿದುಹಾಕಿರಬಹುದು, ದಂಡಕ್ಕೆ ಹೆದರಿರಬಹುದು, ಕೆಲಸದ ಹೊರೆ ಬಿದ್ದಿರಬಹುದು. ಮಲೆನಾಡಲ್ಲಿ, ಕರಾವಳಿಯಲ್ಲಿ ಮಳೆಗಾಲದ ಕಾರಣ ಬೇರೆ: ಸೋರುವ ಮನೆಗೆ, ನೆನೆಯುವ ಚೀಲಕ್ಕೆ ಪುಸ್ತಕ ಒಯ್ಯಲು ಅಂಜಿಕೆ. ಪುಸ್ತಕದ ಜೊತೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರೆ ಅಂಜಿಕೆ ಹೋಗುತ್ತದೆ.

ಇನ್ನೊಂದು, ಆ ರಿಜಿಸ್ಟರ್ ಮೇಜಿನ ಮೇಲೆ ತೆರೆದು ಬಿದ್ದಿರಬಾರದು. ಮುಟ್ಟಿನ ಬಗ್ಗೆ, ಮೈ ಬದಲಾಗುವುದರ ಬಗ್ಗೆ, ಸಾವಿನ ಬಗ್ಗೆ, ಕುಡಿತದ ಬಗ್ಗೆ ಓದಬಯಸುವ ಮಗುವಿಗೆ ಯಾರನ್ನೂ ಕೇಳದೆ ಕೈಗೆ ಸಿಗುವ ಪುಸ್ತಕ ಬೇಕು, ಯಾರು ಏನು ಒಯ್ದರು ಎಂದು ಹಿಂದೆ ನಿಂತವರು ಇಣುಕದಂತಿರಬೇಕು. ಅಂಥ ಪುಸ್ತಕಗಳನ್ನು ವಿಜ್ಞಾನದ ಸಾಲಿನ ನಡುವೆಯೇ ಇಡುತ್ತೇನೆ. ಅಲ್ಲಿ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗೆ ಕೂತು ಓದಿ ಅಲ್ಲೇ ಇಟ್ಟು ಹೋಗಲೂ ಅವಕಾಶವಿರಲಿ.

ಇನ್ನು ರಜೆಯ ವಿಷಯ. ಏಪ್ರಿಲ್‌ನಲ್ಲಿ ಶಾಲೆ ಮುಗಿಯುವ ಮುನ್ನ ತಪಾಸಣೆಗೆಂದು ಎಲ್ಲ ಪುಸ್ತಕ ವಾಪಸ್ ಪಡೆದು ಬೀರುವಿನಲ್ಲಿಡುತ್ತೇವೆ. ಮಕ್ಕಳಿಗೆ ಓದಲು ಅತಿ ಹೆಚ್ಚು ಹೊತ್ತು ಸಿಗುವ ಬೇಸಿಗೆಯಲ್ಲೇ ಕೈ ಖಾಲಿ. ನಾನು ಹೇಳಿದ 215ನೇ ನಿಯಮ 20,000ಕ್ಕಿಂತ ಹೆಚ್ಚು ಪುಸ್ತಕಗಳಿಲ್ಲದ ಗ್ರಂಥಾಲಯಗಳಲ್ಲಿ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಆಗಬೇಕು ಎನ್ನುತ್ತದೆ. ಅದನ್ನು ಜನವರಿಯಲ್ಲಿ ಮುಗಿಸಿ, ಕೊನೆಯ ವಾರ ಒಬ್ಬೊಬ್ಬರಿಗೆ ಮೂರು ನಾಲ್ಕು ಪುಸ್ತಕ ಕೊಟ್ಟು ಕಳಿಸಬಹುದು. ಅಷ್ಟು ಪುಸ್ತಕ ಇಲ್ಲದ ಶಾಲೆಯವರು ಮಕ್ಕಳನ್ನು ಕರೆದುಕೊಂಡು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಪರೀಕ್ಷೆ ಶುರುವಾಗುವ ಮುಂಚಿನ ಒಂದು ಶನಿವಾರ ಇಡೀ ತರಗತಿಯನ್ನು ಕರೆದೊಯ್ದು ಹೆಸರು ಬರೆಸಿ, ಅಲ್ಲಿನ ಮೇಲ್ವಿಚಾರಕರಿಗೆ ಮಕ್ಕಳನ್ನು ಪರಿಚಯಿಸಿ, ಯಾರಿಗೆ ಎಂಥ ಪುಸ್ತಕ ಹಿಡಿಸುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಬನ್ನಿ.