ಆಫ್ರಿಕಾದ ಗಿಳಿ ಸಾಕಬಹುದು, ನಮ್ಮ ತೋಟದ ಗಿಳಿ ಸಾಕಬಾರದು: ಈ ಗೊಂದಲ ಶುರುವಾಗಿದ್ದೆಲ್ಲಿ?

ಒಂದು ಮನೆಯ ಬಾಲ್ಕನಿಯಲ್ಲಿ ಆಫ್ರಿಕಾದ ಬೂದು ಗಿಳಿ ಇದೆ ಅಂದುಕೊಳ್ಳಿ. ನೋಂದಣಿ ಕಾಗದ ಇದ್ದರೆ ಸಾಕಿದವರಿಗೆ ಚಿಂತೆ ಇಲ್ಲ. ಅದೇ ಬೀದಿಯಲ್ಲಿ ಒಬ್ಬರು ಅಜ್ಜಿ ಹತ್ತು ವರ್ಷದಿಂದ ನಮ್ಮದೇ ಹಸಿರು ಗಿಳಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಕಾನೂನಿನ ಪ್ರಕಾರ ಅಜ್ಜಿಯದು ಅಪರಾಧ. ಇದನ್ನು ಕೇಳಿದವರೆಲ್ಲ ಮೊದಲು ಹೇಳುವ ಮಾತು, "ಇದ್ಯಾವ ನ್ಯಾಯ?"

ಗಿಳಿ ಸಾಕುವುದು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಮಧುರೆಯ ಮೀನಾಕ್ಷಿಯ ಕೈಯಲ್ಲಿ ಗಿಳಿ ಇದೆ, ಮನ್ಮಥನಿಗೆ ಅದೇ ವಾಹನ. ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ಗಿಳಿಪಾಠ ಅನ್ನುತ್ತೇವೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವರ ಮುಂದೆ ಕೂತವರೂ ಕಡಿಮೆ ಏನಲ್ಲ. ನೂರಾರು ವರ್ಷ ಇದು ಯಾರಿಗೂ ತಪ್ಪು ಅನ್ನಿಸಲಿಲ್ಲ.

ನಮ್ಮ ಅಜ್ಜಿ ಮನೆ ಜಗುಲಿಯಲ್ಲೂ ಒಂದು ಗಿಳಿ ಇತ್ತು. ಹೆಸರು ರಾಮ. ನೆನೆಸಿದ ಕಡಲೆ, ಹಸಿಮೆಣಸಿನಕಾಯಿ ಅದರ ಊಟ. (ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.) ರೆಕ್ಕೆ ಬಲಿತಾಗಲೆಲ್ಲ ಮಾವ ಕತ್ತರಿ ತರುತ್ತಿದ್ದರು. ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಳ್ಳುವುದು ನನ್ನ ಕೆಲಸ. ಗರಿ ಕತ್ತರಿಸುವಷ್ಟು ಹೊತ್ತೂ ಅದರ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ರಾಮ ಎಲ್ಲಿಂದ ಬಂದ ಅಂತ ನಾವು ಯಾರೂ ಕೇಳಿರಲಿಲ್ಲ.

ಇಡೀ ಚರ್ಚೆಗೆ ಬೇಕಾಗಿರುವುದೇ ಆ ಪ್ರಶ್ನೆ. ನಮ್ಮ ಗಿಳಿ ಕಡ್ಡಿ ಜೋಡಿಸಿ ಗೂಡು ಕಟ್ಟುವುದಿಲ್ಲ. ಹಳೇ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆ ಬರುವ ಹೊತ್ತಿಗೆ ಮರಿ ಹಿಡಿಯುವವರು ಆ ಮರ ಹತ್ತುತ್ತಾರೆ. ಪೊಟರೆಯ ಬಾಯಿ ಕಿರಿದಾಗಿದ್ದರೆ ಮಚ್ಚಿನಿಂದ ಅಗಲ ಮಾಡುತ್ತಾರೆ. ಹಾಗೆ ಒಡೆದ ಪೊಟರೆ ಮುಂದಿನ ವರ್ಷ ಗಿಳಿಗೂ ಆಗುವುದಿಲ್ಲ, ಮೈನಾಗೂ ಆಗುವುದಿಲ್ಲ. ಗರಿ ಮೂಡದ ಮರಿಗಳು ಬುಟ್ಟಿಯಲ್ಲಿ ಪೇಟೆ ಸೇರುತ್ತವೆ. ದಾರಿಯಲ್ಲೇ ಸತ್ತವನ್ನು ಯಾರೂ ಲೆಕ್ಕ ಇಡುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ 'ಬೇಟೆ' ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದೂ ಬೇಟೆ, ಹಕ್ಕಿಯ ಗೂಡಿಗೆ, ಮೊಟ್ಟೆಗೆ ಕೈಹಾಕುವುದೂ ಬೇಟೆ. ಯಾವ ಜೀವಿಗೆ ಎಷ್ಟು ರಕ್ಷಣೆ ಅಂತ ಕಾಯ್ದೆ ಪಟ್ಟಿಗಳನ್ನು ಮಾಡಿತ್ತು. ಆದರೆ ಗಿಳಿ ಇದ್ದದ್ದು ರಕ್ಷಣೆ ಕಡಿಮೆ ಇದ್ದ ನಾಲ್ಕನೇ ಪಟ್ಟಿಯಲ್ಲಿ. ಪರವಾನಗಿ ಇದ್ದರೆ ಹಿಡಿಯಬಹುದಿತ್ತು, ಮಾರಬಹುದಿತ್ತು. ಆ ಕಾಲದಲ್ಲಿ ಭಾರತ ಹಕ್ಕಿ ರಫ್ತಿನಲ್ಲಿ ದೊಡ್ಡ ದೇಶ. ಗಿಳಿ, ರಾಟವಾಳಗಳು ಲಕ್ಷಗಟ್ಟಲೆ ಹೊರದೇಶಕ್ಕೆ ಹೋಗುತ್ತಿದ್ದವು. ಬೀಗ ಬಿದ್ದದ್ದು 1990-91ರಲ್ಲಿ. ನಮ್ಮ ಕಾಡುಹಕ್ಕಿಗಳ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಲ್ಲಿ ಬೇಟೆ ಪರವಾನಗಿಯನ್ನೇ ತೆಗೆದುಹಾಕಿದರು.

ಇದರ ಪೆಟ್ಟು ಕರ್ನಾಟಕದಲ್ಲಿ ಹೆಚ್ಚು ಬಿದ್ದದ್ದು ಹಕ್ಕಿಪಿಕ್ಕಿ ಜನರಿಗೆ. ಹೆಸರಲ್ಲೇ ಹಕ್ಕಿ ಇದೆ. ವಾಗ್ರಿ ಮಾತಾಡುವ ಈ ಅಲೆಮಾರಿಗಳು ತಲೆತಲಾಂತರದಿಂದ ಬಲೆ ಹಾಕಿ ಹಕ್ಕಿ ಹಿಡಿದು ಬದುಕಿದವರು. ಮೊದಲು ಅವರನ್ನು ಒಂದು ಕಡೆ ನೆಲೆ ನಿಲ್ಲಿಸಿದರು. ಹುಣಸೂರು ತಾಲ್ಲೂಕಿನ ಒಂದು ಹಾಡಿಗೆ ಪಕ್ಷಿರಾಜಪುರ ಅಂತಲೇ ಹೆಸರು. ಆಮೇಲೆ ಬಲೆಯೂ ಕೈತಪ್ಪಿತು. ಅವರು ಪ್ಲಾಸ್ಟಿಕ್ ಹೂ ಮಾರಿದರು, ಗಿಡಮೂಲಿಕೆಯ ತಲೆಗೂದಲ ಎಣ್ಣೆ ಕಾಯಿಸಿ ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಕದನದ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳಿದ್ದದ್ದು ನಿಮಗೆ ನೆನಪಿರಬಹುದು. ಕಾನೂನು ಹಕ್ಕಿಯ ಪರ ನಿಂತದ್ದು ಸರಿಯೇ. ಆದರೆ ಬಲೆ ಬಿಟ್ಟವರಿಗೆ ಅಷ್ಟೇ ಗಟ್ಟಿಯಾದ ಇನ್ನೊಂದು ಕಸುಬನ್ನು ಕೈಗೆ ಕೊಡಬೇಕಿತ್ತು. ಹಕ್ಕಿ ಕೊಂಡುಕೊಂಡು ಪಂಜರ ತೂಗುಹಾಕಿದವರಿಗೆ ಮಾತ್ರ ಬಹಳ ಕಾಲ ಏನೂ ತಟ್ಟಲಿಲ್ಲ. ಇದು ಅಪರಾಧ ಅಂತ ಮನೆಮನೆಗೆ ಹೇಳುವ ಕೆಲಸವೂ ಆಗಲಿಲ್ಲ.

ನಕ್ಷತ್ರ ಆಮೆಯ ಕಥೆಯೂ ಇಂಥದ್ದೇ. ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆ ಅಂತ ನಂಬಿ ನೀರಿನ ತೊಟ್ಟಿಗೆ ಬಿಡುತ್ತಾರೆ. ಅದು ಒಣ ಕುರುಚಲು ಕಾಡಿನ ಪ್ರಾಣಿ, ಈಜು ಬರುವುದಿಲ್ಲ. ಕದ್ದು ಸಾಗಿಸಿದ್ದ 51 ಆಮೆಗಳನ್ನು 2018ರಲ್ಲಿ ಸಿಂಗಪುರದಿಂದ ಬೆಂಗಳೂರಿಗೆ ವಾಪಸ್ ತಂದರು. ಮರುವರ್ಷ ಅದರ ಅಂತರರಾಷ್ಟ್ರೀಯ ವ್ಯಾಪಾರವೇ ನಿಷೇಧವಾಯಿತು.

ಈಗ ಬೂದು ಗಿಳಿಗೆ ಬರೋಣ. 1972ರ ಪಟ್ಟಿಗಳನ್ನು ಮಾಡಿದ್ದು ಇಲ್ಲಿನ ಜೀವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊರಗಿನ ಹಕ್ಕಿಗೆ ನೋವಿಲ್ಲ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಅದರ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ಆ ಸಂದಿಯಲ್ಲೇ ವಿದೇಶಿ ಗಿಳಿ, ಇಗುವಾನಾ, ಹೆಬ್ಬಾವುಗಳ ಪೇಟೆ ಬೆಳೆಯಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ನಿಮ್ಮಲ್ಲಿರುವುದನ್ನು ನೀವಾಗಿಯೇ ಹೇಳಿಕೊಳ್ಳಿ, ದಾಖಲೆ ಕೇಳುವುದಿಲ್ಲ ಅಂತ ಕಾಲಾವಕಾಶ ಕೊಟ್ಟಿತು. 2022ರ ತಿದ್ದುಪಡಿ ಆರು ಪಟ್ಟಿಗಳನ್ನು ನಾಲ್ಕಕ್ಕೆ ಇಳಿಸಿ, ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ನಿಯಂತ್ರಣ ಇರುವ ಜೀವಿಗಳಿಗೆ ನಾಲ್ಕನೆಯದನ್ನು ಮೀಸಲಿಟ್ಟಿತು. ಅಂಥವನ್ನು ಸಾಕಿದವರಿಗೆ 2024ರಲ್ಲಿ ನೋಂದಣಿ ನಿಯಮ ಬಂತು. 2022ರ ಅದೇ ತಿದ್ದುಪಡಿಯಲ್ಲಿ ನಮ್ಮ ಹಸಿರು ಗಿಳಿ ಎರಡನೇ ಪಟ್ಟಿಗೆ ಏರಿತು. ಈಗ ಅದನ್ನು ಹಿಡಿದರೆ, ಇಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಎರಡೂ ಆಗಬಹುದು.

ಹಾಗಾದರೆ ನಮ್ಮ ಗಿಳಿಯನ್ನೂ ಪಂಜರದಲ್ಲೇ ಮರಿ ಮಾಡಿಸಿ ಮಾರಲು ಬಿಡಿ ಅನ್ನುವವರಿದ್ದಾರೆ. ಯುರೋಪಿನಲ್ಲಿ ಇದೇ ಗಿಳಿಯ ನೀಲಿ, ಹಳದಿ ತಳಿಗಳನ್ನು ಮನೆಯಲ್ಲೇ ಬೆಳೆಸುತ್ತಾರೆ ಅನ್ನುವುದು ಅವರ ವಾದ. ಮಾತು ನಿಜ. ಆದರೆ ಅಲ್ಲಿ ಪಕ್ಕದ ತೋಟದ ಪ್ರತಿ ಹಳೇ ಮರದಲ್ಲಿ ಪುಕ್ಕಟೆ ಮರಿ ಸಿಗುವುದಿಲ್ಲ, ಅಲ್ವಾ? ಇಲ್ಲಿ ಸಿಗುತ್ತದೆ. ಪಂಜರದ ಮರಿಯನ್ನೂ ಪೊಟರೆಯ ಮರಿಯನ್ನೂ ಪಕ್ಕಪಕ್ಕ ಇಟ್ಟರೆ ನೋಡಿ ಹೇಳಲು ಆಗುವುದಿಲ್ಲ.

ಇನ್ನೊಂದು ಕಡೆ ಪ್ರೀತಿಯ ಪ್ರಶ್ನೆ ಇದೆ. ಉತ್ತರ ಪ್ರದೇಶದ ಅಮೇಠಿಯಲ್ಲಿ ಒಬ್ಬರು ಕಾಲು ಮುರಿದಿದ್ದ ಸಾರಸ್ ಕೊಕ್ಕರೆಗೆ ಆರೈಕೆ ಮಾಡಿದರು. ಕಟ್ಟಲಿಲ್ಲ, ಕೂಡಿಹಾಕಲಿಲ್ಲ. ಅವರು ಬೈಕ್‌ನಲ್ಲಿ ಹೋದರೆ ಅದು ಹಿಂದೆಯೇ ಹಾರಿ ಬರುತ್ತಿತ್ತು. 2023ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅದನ್ನು ಒಯ್ದಿತು. ಕೊನೆಗೆ ಅದು ಸೇರಿದ್ದು ಕಾನ್ಪುರದ ಮೃಗಾಲಯ. ನೋಡಲು ಬಂದ ಅವರನ್ನು ಕಂಡು ಬೇಲಿಯೊಳಗೆ ರೆಕ್ಕೆ ಬಡಿದು ಕುಣಿದ ಆ ಹಕ್ಕಿಯ ವಿಡಿಯೊ ದೇಶವೆಲ್ಲ ನೋಡಿತು. ನನಗೂ ಕಣ್ಣು ತುಂಬಿತ್ತು. ಆದರೂ ಅದನ್ನು ತೋರಿಸಿ ಪೊಟರೆಯಿಂದ ಕಿತ್ತು ತಂದ ಗಿಳಿಯನ್ನು ಸಮರ್ಥಿಸಬಾರದು. ಒಂದು ತಾನಾಗಿ ಉಳಿದ ಹಕ್ಕಿ, ಇನ್ನೊಂದು ಗರಿ ಕತ್ತರಿಸಿ ಉಳಿಸಿಕೊಂಡ ಹಕ್ಕಿ.

ಮನೆಯಲ್ಲಿ ಈಗಾಗಲೇ ಗಿಳಿ ಇರುವವರು ಇದನ್ನೆಲ್ಲ ಓದಿ ಗಾಬರಿಯಲ್ಲಿ ಪಂಜರದ ಬಾಗಿಲು ತೆಗೆದುಬಿಡಬೇಡಿ. ಕತ್ತರಿಸಿದ ಗರಿ ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು. ಜಗುಲಿಯಲ್ಲೇ ಬೆಳೆದ ಹಕ್ಕಿಗೆ ಹದ್ದಿನ ನೆರಳು ಕಂಡರೆ ಬಚ್ಚಿಟ್ಟುಕೊಳ್ಳಬೇಕು ಅಂತ ಗೊತ್ತಿರುವುದಿಲ್ಲ. ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ತಿಳಿಸಿ ಒಪ್ಪಿಸಬೇಕು. ಕೇಸು ಹಾಕುತ್ತಾರೆ ಅನ್ನುವ ಹೆದರಿಕೆಗೆ ಎಷ್ಟೋ ಜನ ರಾತ್ರಿ ಹೊತ್ತು ಯಾವುದೋ ಪಾರ್ಕಿನಲ್ಲಿ ಬಿಟ್ಟುಬರುತ್ತಾರೆ. 2020ರಲ್ಲಿ ವಿದೇಶಿ ಹಕ್ಕಿ ಸಾಕಿದವರಿಗೆ ಏನೂ ಕೇಳದೆ ಆರು ತಿಂಗಳು ಕೊಟ್ಟರಲ್ಲ, ಹಸಿರು ಗಿಳಿಯನ್ನು ತಂದೊಪ್ಪಿಸುವ ಅಜ್ಜಿಯರಿಗೂ ಅಂಥದ್ದೊಂದು ಅವಕಾಶ ಬೇಕು.